ಅಲರ್ಜಿ ಇದೆಯಾ ಎಂದು ಕೇಳಿದರೆ ಸಾಲದು



ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಹೃದ್ರೋಗ ವೈದ್ಯನಾಗಿ ಸೇರಿ ನನಗೆ ಕೆಲವೇ ತಿಂಗಳಾಗಿತ್ತು. ಘಟ್ಟದ ಮೇಲಿನಿಂದ ಒಬ್ಬರು ನಿವೃತ್ತ ಮೇಷ್ಟ್ರು ಆಂಜಿಯೋಗ್ರಾಮ್‌ಗೆ ಬಂದಿದ್ದರು. ತೋಟದ ಏರು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಎನ್ನುವುದು ಅವರ ತೊಂದರೆ. ಆಂಜಿಯೋಗ್ರಾಮ್ ಮಾಡುವ ಕೋಣೆಯ, ಅಂದರೆ ಕ್ಯಾಥ್ ಲ್ಯಾಬಿನ, ಟೇಬಲ್ ಮೇಲೆ ಮಲಗಿಸಿ, ಹಸಿರು ಬಟ್ಟೆ ಹೊದಿಸಿ, ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲು ಕೇಳಿದೆ: "ಮೇಷ್ಟ್ರೇ, ಯಾವುದಕ್ಕಾದರೂ ಅಲರ್ಜಿ ಇದೆಯಾ?"

"ಇಲ್ಲ ಡಾಕ್ಟ್ರೇ, ಅಂಥದ್ದೇನೂ ಇಲ್ಲ" ಎಂದರು. ಫೈಲಿನಲ್ಲೂ ಹಾಗೇ ಬರೆದಿತ್ತು. ನಾನು ಕೆಲಸ ಶುರುಮಾಡಿದೆ.

ಹೃದಯದ ಎಡಗಡೆಯ ರಕ್ತನಾಳಕ್ಕೆ ಮೂರು ಸಲ ಡೈ ಬಿಟ್ಟು ಚಿತ್ರ ತೆಗೆದಾಗಿತ್ತು. ತಲೆಯ ಕಡೆ ನಿಂತಿದ್ದ ಸಿಸ್ಟರ್ ಮೆಲ್ಲಗೆ ಹೇಳಿದರು: "ಸರ್, ಇವರು ಕುತ್ತಿಗೆ ತುರಿಸಿಕೊಳ್ತಿದ್ದಾರೆ." ಬಟ್ಟೆ ಸರಿಸಿ ನೋಡಿದರೆ ಎದೆಯ ಮೇಲೆಲ್ಲ ಕೆಂಪು ಗಂದೆ ಎದ್ದಿದೆ. ಎರಡು ಸಲ ಸೀನಿದರು. ಏನೋ ಹೇಳಲು ಬಾಯಿ ತೆರೆದರೆ ಧ್ವನಿ ಕಟ್ಟಿದೆ. ಮಾನಿಟರ್ ಮೇಲೆ 140 ಇದ್ದ ಬಿ.ಪಿ. ನಾವು ನೋಡುತ್ತಿದ್ದ ಹಾಗೆಯೇ 70ಕ್ಕೆ ಇಳಿಯಿತು. ತೊಡೆಯ ಹೊರಮಗ್ಗುಲಿಗೆ ಅಡ್ರಿನಲಿನ್ ಹಾಕಿದೆವು, ಆಮ್ಲಜನಕ ಕೊಟ್ಟೆವು, ಸಲೈನ್ ಬಾಟಲಿಯನ್ನು ಕೈಯಲ್ಲಿ ಹಿಂಡಿ ವೇಗವಾಗಿ ಹರಿಸಿದೆವು. ಹತ್ತು ನಿಮಿಷದಲ್ಲಿ ಬಿ.ಪಿ. ಮೇಲೆ ಬಂತು. ಅರ್ಧ ಗಂಟೆಯಲ್ಲಿ ಧ್ವನಿ ಮರಳಿತು. ಆಂಜಿಯೋಗ್ರಾಮ್ ಅಲ್ಲಿಗೇ ನಿಂತಿತು.

ಸಂಜೆ ಐ.ಸಿ.ಯು.ಗೆ ಹೋಗಿ ಅವರ ಹತ್ತಿರ ಕೂತು ಮತ್ತೆ ಕೇಳಿದೆ. ಈ ಸಲ ಬೇರೆ ಮಾತಿನಲ್ಲಿ ಕೇಳಿದೆ. "ಹಿಂದೆ ಯಾವಾಗಲಾದರೂ ಇಂಜೆಕ್ಷನ್ ಕೊಟ್ಟು ಫೋಟೋ ತೆಗೆದಿದ್ದರಾ? ಆಗ ಮೈಗೆ ಏನಾದರೂ ಆಗಿತ್ತಾ?" ಮೇಷ್ಟ್ರು ಹೇಳಿದರು: "ಅದಾ? ಕಿಡ್ನಿಯಲ್ಲಿ ಕಲ್ಲು ಅಂತ ಹನ್ನೆರಡು ವರ್ಷದ ಹಿಂದೆ ಎಕ್ಸ್‌ರೇ ತೆಗೆದಿದ್ದರು. ಇಂಜೆಕ್ಷನ್ ಮೈಗೆ ಒಗ್ಗಲಿಲ್ಲ. ನಂಜಾಗಿ ಮೈಯೆಲ್ಲ ಊದಿಕೊಂಡಿತ್ತು. ಅದು ಅಲರ್ಜಿಯಾ ಡಾಕ್ಟ್ರೇ?"

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. ಅವರು ಸುಳ್ಳು ಹೇಳಿರಲಿಲ್ಲ, ಮುಚ್ಚಿಟ್ಟಿರಲೂ ಇಲ್ಲ. ನಮ್ಮ ಜನರಿಗೆ ಅಲರ್ಜಿ ಎಂದರೆ ದೂಳಿಗೆ ಮೂಗು ಸೋರುವುದು. ಮೈಮೇಲೆ ಗಂದೆ ಏಳುವುದಕ್ಕೆ ಪಿತ್ತ ಅನ್ನುತ್ತಾರೆ. ಔಷಧ ಸರಿಬರದಿದ್ದರೆ ಒಗ್ಗಲಿಲ್ಲ ಅನ್ನುತ್ತಾರೆ, ನಂಜಾಯಿತು ಅನ್ನುತ್ತಾರೆ, ಉಷ್ಣವಾಯಿತು ಅನ್ನುತ್ತಾರೆ. ಇಷ್ಟೊಂದು ಮಾತುಗಳಿರುವ ಜನರ ಮುಂದೆ ನಾನು ಒಂದೇ ಒಂದು ಇಂಗ್ಲಿಷ್ ಪದ ಹಿಡಿದುಕೊಂಡು ಹೋಗಿದ್ದೆ. ಡೈಯಿಂದ ಆಗುವ ಅನಾಹುತ ತಡೆಯಲು ಔಷಧಗಳಿವೆ, ಕ್ರಮಗಳಿವೆ. ಅವೆಲ್ಲ ಕೆಲಸಕ್ಕೆ ಬರಬೇಕಾದರೆ ಹಿಂದೆ ಡೈ ಒಗ್ಗಿರಲಿಲ್ಲ ಎನ್ನುವ ಸಂಗತಿ ಮೊದಲು ಗೊತ್ತಾಗಬೇಕು. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಮೊದಲು ಈ ಡೈ ಎಂದರೆ ಏನು ನೋಡೋಣ. ಡೈ ಎಂದರೆ ಬಣ್ಣ. ಬಾಟಲಿಯಲ್ಲಿ ನೋಡಿದರೆ ಇದಕ್ಕೆ ಬಣ್ಣವೇ ಇಲ್ಲ, ನೀರಿನಷ್ಟೇ ತಿಳಿ. ಕೈಗವಸಿನ ಮೇಲೆ ಒಂದು ಹನಿ ಬಿದ್ದರೆ ಸಕ್ಕರೆಯ ಎಳೆಪಾಕದ ಹಾಗೆ ಅಂಟುತ್ತದೆ. ಅದರಲ್ಲಿರುವ ಮುಖ್ಯ ವಸ್ತು ಅಯೋಡಿನ್. ಅಯೋಡಿನ್ ಭಾರವಾದ ಧಾತು, ಎಕ್ಸ್‌ರೇ ಕಿರಣಗಳನ್ನು ತಡೆಯುತ್ತದೆ. ಹೃದಯದ ರಕ್ತನಾಳದಲ್ಲಿ ಹರಿಯುವ ರಕ್ತ ಎಕ್ಸ್‌ರೇಗೆ ಕಾಣುವುದಿಲ್ಲ. ತೆಳುವಾದ ಕೊಳವೆಯೊಂದನ್ನು ಮುಂಗೈಯಿಂದಲೋ ತೊಡೆಯಿಂದಲೋ ಹೃದಯದವರೆಗೆ ತೂರಿಸಿ, ಐದಾರು ಎಂ.ಎಲ್. ಡೈ ಬಿಟ್ಟರೆ ಅದು ಹರಿದ ದಾರಿಯೆಲ್ಲ ಪರದೆಯ ಮೇಲೆ ಕಪ್ಪಗೆ ಮೂಡುತ್ತದೆ. ಎಲ್ಲಿ ಆ ಕಪ್ಪು ಗೆರೆ ಸಣ್ಣಗಾಯಿತೋ ಅಲ್ಲಿ ಅಡಚಣೆ ಇದೆ ಎಂದರ್ಥ. ಎರಡು ಮೂರು ಸೆಕೆಂಡಿನಲ್ಲಿ ರಕ್ತ ಅದನ್ನು ತೊಳೆದುಕೊಂಡು ಹೋಗುತ್ತದೆ. ಒಂದೆರಡು ದಿನದಲ್ಲಿ ಮೂತ್ರದ ಮೂಲಕ ದೇಹದಿಂದ ಹೊರಗೆ ಹೋಗಿರುತ್ತದೆ.

ಹೀಗೆ ನೇರವಾಗಿ ಹೃದಯದ ರಕ್ತನಾಳಕ್ಕೇ ಡೈ ಬಿಡಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಒಂದು ಆಕಸ್ಮಿಕದಿಂದ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 1958ರ ಅಕ್ಟೋಬರ್ 30ರಂದು ಮೇಸನ್ ಸೋನ್ಸ್ ಎಂಬ ವೈದ್ಯರು 26 ವರ್ಷದ ರೋಗಿಯೊಬ್ಬರ ಮಹಾಪಧಮನಿಯ ಚಿತ್ರ ತೆಗೆಯಲು ಹೊರಟಿದ್ದರು. ಕೊಳವೆಯ ತುದಿ ಸರಿದು ಬಲಗಡೆಯ ಹೃದಯ ರಕ್ತನಾಳದೊಳಗೆ ಕೂತುಬಿಟ್ಟಿತ್ತು. ಅದು ತಿಳಿಯುವ ಹೊತ್ತಿಗೆ ಸುಮಾರು 30 ಎಂ.ಎಲ್. ಡೈ ಅದೊಂದೇ ನಾಳಕ್ಕೆ ಹರಿದಿತ್ತು. ಹೃದಯ ನಿಂತಿತು. ಸೋನ್ಸ್ ರೋಗಿಗೆ ಕೆಮ್ಮಲು ಹೇಳಿದರು. ಆತ ಕೆಮ್ಮಿದ, ಹೃದಯ ಮತ್ತೆ ಬಡಿಯತೊಡಗಿತು. ಅಷ್ಟು ಡೈಯನ್ನು ಹೃದಯ ತಡೆದುಕೊಂಡಿತಲ್ಲ ಎನ್ನುವ ಆ ದಿನದ ಅಚ್ಚರಿಯಿಂದಲೇ ಇವತ್ತಿನ ಆಂಜಿಯೋಗ್ರಾಮ್ ಬೆಳೆದದ್ದು. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳವರೆಗೆ ಇವತ್ತು ಇದು ದಿನನಿತ್ಯದ ಕೆಲಸ.

ಆ ಕಾಲದ ಡೈ ಬಹಳ ಕಟುವಾಗಿತ್ತು. ಅದರ ಸಾಂದ್ರತೆ ನಮ್ಮ ರಕ್ತದ ಐದಾರು ಪಟ್ಟು. ಒಳಗೆ ಹೋದೊಡನೆ ಅದು ಜೀವಕೋಶಗಳಿಂದ ನೀರು ಹೀರುತ್ತಿತ್ತು, ಮೈಗೆ ಬೆಂಕಿ ಹತ್ತಿದ ಹಾಗಾಗುತ್ತಿತ್ತು. ಇದನ್ನು ಬದಲಿಸಬೇಕು ಎಂದು ಹಟ ಹಿಡಿದವರು ಸ್ವೀಡನ್ನಿನ ಮಾಲ್ಮೊ ಊರಿನ ಟಾರ್ಸ್ಟನ್ ಅಲ್ಮೆನ್ ಎಂಬ ಎಕ್ಸ್‌ರೇ ವೈದ್ಯರು. ಈಜುವಾಗ ಅವರೊಂದು ಸಂಗತಿ ಗಮನಿಸಿದ್ದರು. ತಮ್ಮ ದೇಶದ ಪಶ್ಚಿಮ ತೀರದ ಉಪ್ಪು ಹೆಚ್ಚಿರುವ ಕಡಲಲ್ಲಿ ಕಣ್ಣು ತೆರೆದರೆ ಉರಿ. ಉಪ್ಪು ಕಡಿಮೆ ಇರುವ ಬಾಲ್ಟಿಕ್ ನೀರಲ್ಲಿ ಅಷ್ಟು ಉರಿ ಇಲ್ಲ. ರಕ್ತನಾಳದ ಒಳಗೂ ಇದೇ ಆಗುತ್ತಿರಬೇಕಲ್ಲ ಎಂದು ಅವರಿಗೆ ಹೊಳೆಯಿತು. ಸಾಂದ್ರತೆ ಕಡಿಮೆ ಇರುವ, ವಿದ್ಯುದಂಶವಿಲ್ಲದ ಡೈಯನ್ನು ಹೇಗೆ ಕಟ್ಟಬಹುದು ಎಂದು 1969ರಲ್ಲಿ ಬರೆದು ಪ್ರಕಟಿಸಿದರು. ನಾರ್ವೆಯ ಒಂದು ಕಂಪನಿ ಆ ವಿಚಾರವನ್ನು ಔಷಧವಾಗಿ ಮಾಡಿತು. ಕಡಲ ನೀರು ಕಣ್ಣಿಗೆ ಬಿದ್ದ ಅನುಭವ ನಮ್ಮ ಮಲ್ಪೆಯವರಿಗೂ ಉಂಟು, ಗಂಗೊಳ್ಳಿಯವರಿಗೂ ಉಂಟು. ಅದನ್ನು ರೋಗಿಯ ನೋವಿನ ಜೊತೆಗಿಟ್ಟು ನೋಡಿದ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಇದರಿಂದ ಎಷ್ಟು ಲಾಭವಾಯಿತು ಎಂದು ತೋರಿಸಿದವರು ಜಪಾನಿನವರು. ಕತಯಾಮ ಮತ್ತು ಅವರ ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತನಾಳಕ್ಕೆ ಡೈ ಕೊಟ್ಟ 3,37,647 ಪ್ರಕರಣಗಳ ಲೆಕ್ಕವಿದೆ. ಹಳೆಯ ಡೈಯಲ್ಲಿ ನೂರಕ್ಕೆ 12.66 ಮಂದಿಗೆ ಏನಾದರೊಂದು ತೊಂದರೆಯಾಗಿತ್ತು, ಹೊಸದರಲ್ಲಿ 3.13 ಮಂದಿಗೆ. ತೀವ್ರ ತೊಂದರೆ ಹಳೆಯದರಲ್ಲಿ ಹತ್ತು ಸಾವಿರಕ್ಕೆ 22, ಹೊಸದರಲ್ಲಿ ಹತ್ತು ಸಾವಿರಕ್ಕೆ 4. ಆ ಲೆಕ್ಕ ಕೈಯ ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್ನಿನದು, ಹೃದಯಕ್ಕೆ ಕೊಟ್ಟದ್ದಲ್ಲ. ಆದರೂ ದಾರಿ ಸ್ಪಷ್ಟವಾಯಿತು. ಇವತ್ತು ಕ್ಯಾಥ್ ಲ್ಯಾಬುಗಳಲ್ಲಿ ಬಳಸುವುದು ಈ ಹೊಸ ಬಗೆಯ ಡೈಯನ್ನೇ. ಹಾಗಾಗಿ ಆಂಜಿಯೋಗ್ರಾಮ್ ಎಂದೊಡನೆ ಹೆದರಿ ಮನೆಯಲ್ಲಿ ಕೂರುವ ಕಾರಣವೇ ಇಲ್ಲ. ಎದೆನೋವನ್ನು ಬಚ್ಚಿಟ್ಟುಕೊಳ್ಳುವುದರಲ್ಲಿರುವ ಅಪಾಯ ಡೈಯ ಅಪಾಯಕ್ಕಿಂತ ಬಹಳ ಪಟ್ಟು ದೊಡ್ಡದು.

ಡೈ ಒಳಗೆ ಹೋದಾಗ ಆಗುವುದೆಲ್ಲ ಅಲರ್ಜಿಯೂ ಅಲ್ಲ. ಮೈ ಬೆಚ್ಚಗಾಗುತ್ತದೆ, ಬಾಯಿಯಲ್ಲಿ ತಾಮ್ರದ ಚೊಂಬು ನೆಕ್ಕಿದಂಥ ರುಚಿ ಬರುತ್ತದೆ, ಕೆಲವರಿಗೆ ಮೂತ್ರ ಹೋಯಿತೇನೋ ಎನ್ನಿಸುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲ ಇಳಿಯುತ್ತದೆ. ಇದು ಡೈಯ ಗುಣ. ಇನ್ನು ಕೆಲವರಿಗೆ ಸೂಜಿ ಕಂಡ ಭಯಕ್ಕೇ ಬಿ.ಪಿ. ಇಳಿಯುತ್ತದೆ, ಬೆವರುತ್ತಾರೆ, ಮುಖ ಬಿಳಿಚುತ್ತದೆ. ಆಗ ನಾಡಿ ನಿಧಾನವಾಗಿರುತ್ತದೆ. ಅಲರ್ಜಿಯ ಏಟಿನಲ್ಲಿ ಸಾಮಾನ್ಯವಾಗಿ ನಾಡಿ ಓಡುತ್ತದೆ, ಮೈ ಕೆಂಪಗಾಗುತ್ತದೆ, ನವೆ, ಗಂದೆ, ಉಬ್ಬಸ, ಗಂಟಲು ಕಟ್ಟುವುದು ಇವು ಕಾಣುತ್ತವೆ. ಬಹುಪಾಲು ಮೊದಲ ಐದು ನಿಮಿಷದಲ್ಲೇ ಶುರುವಾಗುತ್ತವೆ, ಹೆಚ್ಚೆಂದರೆ ಅರ್ಧ ಗಂಟೆ. ಇವೆರಡರ ನಡುವಿನ ವ್ಯತ್ಯಾಸ ನೋಡದೆ ಹೆದರಿ ಬೆವರಿದವರ ಫೈಲಿನ ಮೇಲೆ ಡೈ ಅಲರ್ಜಿ ಎಂದು ಕೆಂಪು ಶಾಯಿಯಲ್ಲಿ ಬರೆದರೆ, ಮುಂದೆ ಅವರಿಗೆ ಬೇಕಾದ ಪ್ರತಿಯೊಂದು ಸ್ಕ್ಯಾನಿಗೂ ಅಡ್ಡಿ ಬರುತ್ತದೆ. ಆದದ್ದನ್ನು ಬರೆಯದಿರುವುದು ಎಷ್ಟು ತಪ್ಪೋ ಆಗದ್ದನ್ನು ಬರೆಯುವುದೂ ಅಷ್ಟೇ ತಪ್ಪು.

ಇನ್ನು ಮೀನಿನ ವಿಷಯ. ಕರಾವಳಿಯಲ್ಲಿ ಕೆಲಸ ಮಾಡಿದವನಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕುಂದಾಪುರ ಕಡೆಯ ಒಬ್ಬ ಅಮ್ಮ ಆಂಜಿಯೋಗ್ರಾಮ್‌ಗೆ ಮೂರು ತಿಂಗಳು ತಡಮಾಡಿ ಬಂದರು. ಯಾಕಮ್ಮ ಎಂದು ಕೇಳಿದರೆ, "ಚಟ್ಲಿ ತಿಂದ್ರೆ ನಂಗೆ ಆತಿಲ್ಲ ಡಾಕ್ಟ್ರೇ, ಮೈಯೆಲ್ಲ ತುರಿಕೆ" ಎಂದರು. ಚಟ್ಲಿ ಎಂದರೆ ಸೀಗಡಿ. ಸೀಗಡಿಯಲ್ಲಿ ಅಯೋಡಿನ್ ಇದೆ, ಡೈಯಲ್ಲೂ ಅಯೋಡಿನ್ ಇದೆ, ಆದ್ದರಿಂದ ನಿಮಗೆ ಡೈ ಕೊಡುವಂತಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು. ಹೇಳಿದವರು ವೈದ್ಯಕೀಯ ಬಲ್ಲವರೇ. ಈ ನಂಬಿಕೆ ಇಡೀ ಜಗತ್ತಿನ ಆಸ್ಪತ್ರೆಗಳಲ್ಲಿ ದಶಕಗಳಿಂದ ಉಳಿದುಕೊಂಡು ಬಂದಿದೆ, ಮತ್ತು ಅದು ತಪ್ಪು.

ಸೀಗಡಿ, ಏಡಿ ತಿಂದಾಗ ನವೆ ತರುವುದು ಅದರ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು. ಅದಕ್ಕೂ ಅಯೋಡಿನ್‌ಗೂ ಸಂಬಂಧವಿಲ್ಲ. ಅಯೋಡಿನ್‌ಗೇ ಅಲರ್ಜಿ ಎನ್ನುವುದು ಇರುವುದಕ್ಕೆ ಸಾಧ್ಯವಿಲ್ಲ. ನಮ್ಮ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವುದೇ ಅಯೋಡಿನ್‌ನಿಂದ. ಗಳಗಂಡ ಬಾರದಿರಲಿ ಎಂದು ನಾವು ದಿನಾ ತಿನ್ನುವ ಉಪ್ಪಿಗೆ ಅದನ್ನು ಬೆರೆಸಿರುತ್ತಾರೆ. ಆ ಅಮ್ಮನಿಗೂ ಅದನ್ನೇ ಕೇಳಿದೆ: "ನೀವು ಸಾರಿಗೆ ಹಾಕುವ ಉಪ್ಪಿನಿಂದ ತುರಿಕೆ ಬರುತ್ತದಾ?" ಇಲ್ಲ ಎಂದರು. ಗಾಯಕ್ಕೆ ಬೆಟಡಿನ್ ಹಚ್ಚಿದರೆ ಕೆಲವರಿಗೆ ಚರ್ಮ ಕೆಂಪಾಗುತ್ತದೆ, ಅದೂ ಬೇರೆಯೇ ವಿಷಯ. ಡೈಯ ತೊಂದರೆ ಬರುವುದು ಅಯೋಡಿನ್ ಹೊತ್ತ ದೊಡ್ಡ ಅಣುವಿನಿಂದ, ಒಂಟಿ ಅಯೋಡಿನ್‌ನಿಂದಲ್ಲ. ಯಾವುದೇ ಆಹಾರ ನಂಜಾಗುವವರ ಮೈ ಬೇರೆಯವರ ಮೈಗಿಂತ ಸ್ವಲ್ಪ ಸೂಕ್ಷ್ಮ ಎನ್ನುವುದು ನಿಜ. ಅದು ಸೀಗಡಿಯವರಿಗೂ ಅನ್ವಯಿಸುತ್ತದೆ, ಕಡಲೆಕಾಯಿ ಒಗ್ಗದವರಿಗೂ ಅನ್ವಯಿಸುತ್ತದೆ, ಮೊಟ್ಟೆ ಒಗ್ಗದವರಿಗೂ ಅನ್ವಯಿಸುತ್ತದೆ. ಅದಕ್ಕಾಗಿ ಪರೀಕ್ಷೆ ನಿಲ್ಲಿಸಬೇಕಿಲ್ಲ. ಆ ಅಮ್ಮನಿಗೆ ಮರುದಿನ ಆಂಜಿಯೋಗ್ರಾಮ್ ಆಯಿತು, ಏನೂ ತೊಂದರೆಯಾಗಲಿಲ್ಲ. ಅವರ ಮುಖ್ಯ ನಾಳದಲ್ಲಿ ದೊಡ್ಡ ಅಡಚಣೆ ಇತ್ತು. ಆ ಮೂರು ತಿಂಗಳಲ್ಲಿ ಏನು ಬೇಕಾದರೂ ಆಗಿಬಿಡಬಹುದಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೀನಿನ ಬಗ್ಗೆ ಇನ್ನೊಂದು ಮಾತಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ನಿನ ಪರಿಣಾಮ ಇಳಿಸಲು ಕೆಲವು ಸಲ ಪ್ರೋಟಮಿನ್ ಎಂಬ ಔಷಧ ಬೇಕಾಗುತ್ತದೆ. ಅದು ಮೀನಿನಿಂದ ಬಂದದ್ದು. ಆದ್ದರಿಂದ ಮೀನು ಒಗ್ಗದವರು ಅದನ್ನು ಹೇಳಲೇಬೇಕು, ಡೈಯ ಸಲುವಾಗಿ ಅಲ್ಲದಿದ್ದರೂ. ಕ್ಯಾಥ್ ಲ್ಯಾಬಿನಲ್ಲಿ ಗಂದೆ ಎದ್ದರೆ ತಪ್ಪೆಲ್ಲ ಡೈಯದೇ ಎನ್ನುವಂತೆಯೂ ಇಲ್ಲ. ನಮ್ಮ ಕೈಗವಸಿನ ರಬ್ಬರು, ಚರ್ಮ ಒರೆಸುವ ದ್ರವ, ಆಸ್ಪಿರಿನ್, ಹಿಂದಿನ ರಾತ್ರಿ ಕೊಟ್ಟ ಆಂಟಿಬಯೋಟಿಕ್ ಯಾವುದಾದರೂ ಕಾರಣವಾಗಬಹುದು.

ಹಾಗಾದರೆ ಒಂದು ಹನಿ ಚುಚ್ಚಿ ಟೆಸ್ಟ್ ಮಾಡಿ ನೋಡಬಾರದೇ ಎಂದು ಬಹಳ ಜನ ಕೇಳುತ್ತಾರೆ. ಪೆನಿಸಿಲಿನ್ನಿಗೆ ಹಾಗೆ ಮಾಡುವುದನ್ನು ಜನ ನೋಡಿದ್ದಾರೆ. ಡೈಯ ವಿಷಯದಲ್ಲಿ, ಹಿಂದೆ ಏನೂ ಆಗದವರಿಗೆ ಹೀಗೆ ಸ್ವಲ್ಪ ಕೊಟ್ಟು ನೋಡುವುದು ಭರವಸೆ ಕೊಡುವ ಪರೀಕ್ಷೆಯಲ್ಲ. ಟೆಸ್ಟ್ ಸರಿಯಾಗಿದ್ದವರಿಗೂ ಆಮೇಲೆ ತೀವ್ರ ತೊಂದರೆಯಾದದ್ದಿದೆ. ಟೆಸ್ಟಿನ ಆ ಒಂದು ಎಂ.ಎಲ್.ಗೇ ಕುಸಿದುಬಿದ್ದವರೂ ಇದ್ದಾರೆ. ಡೈಯ ತೊಂದರೆಗಳಲ್ಲಿ ಹೆಚ್ಚಿನವು ಸಾಮಾನ್ಯ ಅಲರ್ಜಿಯ ದಾರಿಯಲ್ಲಿ ಬರುವುದಿಲ್ಲ. ಡೈಯ ಅಣು ನೇರವಾಗಿ ಹೋಗಿ ಮಾಸ್ಟ್ ಕೋಶಗಳೆಂಬ ಪುಟ್ಟ ಕೋಶಗಳನ್ನು ಕೆಣಕುತ್ತದೆ, ಅವು ತಮ್ಮಲ್ಲಿ ತುಂಬಿಟ್ಟುಕೊಂಡ ಹಿಸ್ಟಮಿನ್ ಚೆಲ್ಲುತ್ತವೆ. ಅದಕ್ಕೇ ಜೀವಮಾನದಲ್ಲಿ ಮೊದಲ ಸಲ ಡೈ ಪಡೆದವರಿಗೂ ಹೀಗಾಗಬಹುದು. ಒಮ್ಮೆ ತೀವ್ರ ತೊಂದರೆಯಾದವರಿಗೆ ಅಲರ್ಜಿ ತಜ್ಞರು ಚರ್ಮದ ಮೇಲೆ ಬೇರೆ ಬೇರೆ ಡೈಗಳನ್ನು ಪರೀಕ್ಷಿಸಿ ಒಗ್ಗುವುದನ್ನು ಹುಡುಕುವುದು ಬೇರೆಯೇ ಕೆಲಸ. ಅದಕ್ಕೆ ಬೆಲೆ ಇದೆ.

ಅಪಾಯ ಹೆಚ್ಚು ಯಾರಿಗೆ? ಹಿಂದೊಮ್ಮೆ ಡೈ ಒಗ್ಗದವರಿಗೆ. ಉಳಿದವರಿಗಿಂತ ಅವರಿಗೆ ಸುಮಾರು ಐದು ಪಟ್ಟು. ಇದರ ಮುಂದೆ ಬೇರೆಲ್ಲ ಕಾರಣಗಳೂ ಚಿಕ್ಕವು. ಆಮೇಲೆ ದಮ್ಮು ಇರುವವರು, ಅದರಲ್ಲೂ ಆ ದಿನಗಳಲ್ಲಿ ದಮ್ಮು ಕೆರಳಿರುವವರು. ದಮ್ಮು ಹತೋಟಿಗೆ ಬರುವವರೆಗೆ ಅವಸರವಿಲ್ಲದ ಆಂಜಿಯೋಗ್ರಾಮ್ ಮುಂದಕ್ಕೆ ಹಾಕುವುದು ಒಳ್ಳೆಯದು.

ಹಿಂದೆ ಒಗ್ಗಲಿಲ್ಲ ಎಂದು ಗೊತ್ತಾದರೆ ಏನು ಮಾಡುತ್ತೇವೆ? ಎರಡು ದಾರಿಗಳಿವೆ. ಮೊದಲನೆಯದು ಸ್ಟಿರಾಯ್ಡ್ ಮಾತ್ರೆ. ಲ್ಯಾಸರ್ ಮತ್ತು ಸಂಗಡಿಗರು 1987ರಲ್ಲಿ ಹಳೆಯ ಡೈ ಪಡೆಯುವವರಿಗೆ 12 ಗಂಟೆ ಮೊದಲು ಒಂದು, 2 ಗಂಟೆ ಮೊದಲು ಒಂದು ಮಾತ್ರೆ ಕೊಟ್ಟು ತೊಂದರೆ ಕಡಿಮೆಯಾದದ್ದನ್ನು ತೋರಿಸಿದರು. ಒಂದೇ ಮಾತ್ರೆಯನ್ನು 2 ಗಂಟೆ ಮೊದಲು ಕೊಟ್ಟಾಗ ಆ ಲಾಭ ಸಿಗಲಿಲ್ಲ. ಇದನ್ನು ಮರೆಯಬಾರದು. ಸ್ಟಿರಾಯ್ಡ್ ಕೆಲಸ ಮಾಡಲು ಗಂಟೆಗಟ್ಟಲೆ ಸಮಯ ಬೇಕು. ಟೇಬಲ್ ಮೇಲೆ ಮಲಗಿಸಿ ಒಂದು ಇಂಜೆಕ್ಷನ್ ಹಾಕಿದರೆ ಅದು ನಮ್ಮ ಸಮಾಧಾನಕ್ಕೆ ಮಾತ್ರ. ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಕ್ರಮದಲ್ಲಿ 13 ಗಂಟೆ, 7 ಗಂಟೆ, 1 ಗಂಟೆ ಮೊದಲು ಮೂರು ಸಲ ಸ್ಟಿರಾಯ್ಡ್, ಕೊನೆಯ ಸಲದ ಜೊತೆ ನವೆ ತಡೆಯುವ ಔಷಧ. ಬೆಳಿಗ್ಗೆ 9ಕ್ಕೆ ಆಂಜಿಯೋಗ್ರಾಮ್ ಎಂದಿಟ್ಟುಕೊಳ್ಳಿ. ಹಿಂದಿನ ರಾತ್ರಿ 8ಕ್ಕೆ ಒಂದು, ನಡುರಾತ್ರಿ ಕಳೆದು 2ಕ್ಕೆ ಒಂದು, ಬೆಳಿಗ್ಗೆ 8ಕ್ಕೆ ಒಂದು. ರಾತ್ರಿ 2ರ ಮಾತ್ರೆಗೆ ನಿದ್ದೆ ಅಡ್ಡ ಬರುತ್ತದೆ. ಬೆಳಗಿನ ಮಾತ್ರೆಗೆ ಉಪವಾಸ ಅಡ್ಡ ಬರುತ್ತದೆ. ಏನೂ ತಿನ್ನಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ ಎಂದು ಮಾತ್ರೆಯನ್ನೂ ಬಿಟ್ಟು ಬಂದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ ಎಂದು ನಾವೇ ಬಿಡಿಸಿ ಹೇಳಬೇಕು. ಶುಗರ್ ಇರುವವರಿಗೆ ಈ ಮಾತ್ರೆಯಿಂದ ಶುಗರ್ ಏರುತ್ತದೆ, ಅದಕ್ಕೂ ಸಿದ್ಧರಿರಬೇಕು. ಈ ಮಾತು ಕೇಳಿ ಯಾರೂ ತಾವಾಗಿ ಮೆಡಿಕಲ್ ಶಾಪಿನಿಂದ ತಂದು ನುಂಗಬಾರದು. ಎಷ್ಟು, ಯಾವಾಗ ಎನ್ನುವುದನ್ನು ನಿಮ್ಮ ವೈದ್ಯರೇ ಹೇಳಲಿ.

ಎರಡನೆಯ ದಾರಿ ಡೈಯನ್ನೇ ಬದಲಿಸುವುದು. ಈಚಿನ ವರ್ಷಗಳಲ್ಲಿ ತಜ್ಞರ ಒಲವು ಇದರ ಕಡೆಗೇ ಹೆಚ್ಚು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಮಾತ್ರೆ ಕೊಟ್ಟು ಅದೇ ಡೈ ಹಾಕಿದಾಗ ಮತ್ತೆ ಗಂದೆ ಎದ್ದದ್ದುಂಟು. ಬದಲಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಈ ಡೈಗಳ ಹೆಸರುಗಳೆಲ್ಲ ಒಂದೇ ಮನೆಯವರ ಹೆಸರಿನ ಹಾಗಿವೆ: ಅಯೋಹೆಕ್ಸಾಲ್, ಅಯೋಡಿಕ್ಸನಾಲ್, ಅಯೋಪಮಿಡಾಲ್, ಅಯೋಪ್ರೊಮೈಡ್. ಇವುಗಳಲ್ಲಿ ಅಯೋಹೆಕ್ಸಾಲ್ ಮತ್ತು ಅಯೋಡಿಕ್ಸನಾಲ್ ನಿಜಕ್ಕೂ ಅಣ್ಣತಮ್ಮಂದಿರು. ಅಣುವಿನ ಪಕ್ಕಕ್ಕೆ ಜೋತಿರುವ ಸರಪಳಿ ಎರಡರಲ್ಲೂ ಒಂದೇ ಬಗೆ. ಒಂದು ಒಗ್ಗದವರಿಗೆ ಇನ್ನೊಂದನ್ನು ಕೊಟ್ಟು ಬದಲಿಸಿದೆ ಎಂದುಕೊಂಡರೆ ಬದಲಿಸಿದ ಹಾಗಾಗಲಿಲ್ಲ. ಅಯೋಪಮಿಡಾಲ್‌ನ ಸರಪಳಿ ಬೇರೆ. ಹಾಗಾಗಿ ಹಿಂದಿನ ಸಲ ಕೊಟ್ಟ ಡೈಯ ಹೆಸರೇ ಗೊತ್ತಿಲ್ಲದಿದ್ದರೆ ಯಾವುದಕ್ಕೆ ಬದಲಿಸಬೇಕು ಎಂದು ಹೇಗೆ ಹೇಳುವುದು? ಫೈಲಿನ ಮೇಲೆ ಬರೀ ಡೈ ಅಲರ್ಜಿ ಎಂದು ಬರೆದಿರುತ್ತದೆ. ಯಾವ ಡೈ, ಎಷ್ಟು ಹೊತ್ತಿಗೆ ಏನಾಯಿತು, ಏನು ಕೊಟ್ಟಾಗ ಇಳಿಯಿತು, ಒಂದೂ ಇರುವುದಿಲ್ಲ. ಕತ್ತಲಲ್ಲಿ ಕೈಯಾಡಿಸಿದ ಹಾಗೆ ನಾವು ಊಹೆಯ ಮೇಲೆ ಕೆಲಸ ಮಾಡಬೇಕಾಗುತ್ತದೆ.

ಹೃದಯಾಘಾತವಾಗಿ ಬಂದವರ ವಿಷಯ ಬೇರೆ. ಅಲ್ಲಿ 13 ಗಂಟೆ ಕಾಯಲು ಆಗುವುದಿಲ್ಲ. ಒಂದೊಂದು ನಿಮಿಷಕ್ಕೂ ಹೃದಯದ ಮಾಂಸ ಸಾಯುತ್ತಿರುತ್ತದೆ. ಹಿಂದೆ ಡೈ ಒಗ್ಗದವರಾದರೂ ನಾಳ ತೆರೆಯಲೇಬೇಕು. ಬೇರೆ ಡೈ ಹಿಡಿದು, ಸ್ಟಿರಾಯ್ಡ್ ಮತ್ತು ನವೆಯ ಔಷಧವನ್ನು ರಕ್ತನಾಳಕ್ಕೇ ಕೊಟ್ಟು, ಅಡ್ರಿನಲಿನ್ ತುಂಬಿದ ಸಿರಿಂಜನ್ನು ಹೆಸರು ಬರೆದು ಪಕ್ಕದಲ್ಲಿಟ್ಟು ಮುಂದುವರಿಯುತ್ತೇವೆ. ನಿಮ್ಮ ಮನೆಯವರಿಗೆ ಹೀಗೆ ಎದೆನೋವು ಬಂದು ಡೈ ಒಗ್ಗದ ವಿಷಯ ನಿಮಗೆ ಗೊತ್ತಿದ್ದರೆ, ಅದನ್ನು ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೋ ಎಂದು ಹೆದರಿ ಮುಚ್ಚಿಡಬೇಡಿ. ಹೇಳಿದರೆ ಚಿಕಿತ್ಸೆ ನಿಲ್ಲುವುದಿಲ್ಲ, ನಾವು ತಯಾರಾಗಿರುತ್ತೇವೆ ಅಷ್ಟೇ.

ಅಡ್ರಿನಲಿನ್ ಎಂದೆ. ಪ್ರಾಣ ಉಳಿಸುವ ಔಷಧ ಅದು. ನವೆಯ ಇಂಜೆಕ್ಷನ್, ಸ್ಟಿರಾಯ್ಡ್ ಎಲ್ಲ ಅದರ ಹಿಂದಿನವು. ಹೃದ್ರೋಗಿಗಳಲ್ಲಿ ಒಂದು ತೊಡಕಿದೆ. ಅವರಲ್ಲಿ ಬಹಳ ಜನ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅವು ಅಡ್ರಿನಲಿನ್ನಿನ ದಾರಿಯನ್ನೇ ಮುಚ್ಚುವ ಮಾತ್ರೆಗಳು. ಅಂಥವರಿಗೆ ಏಟು ಬಿದ್ದಾಗ ಅಡ್ರಿನಲಿನ್ ಬೇಗ ಹತ್ತುವುದಿಲ್ಲ, ಗ್ಲುಕಗಾನ್ ಎಂಬ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು. ಹಾಗೆಂದು ಮಾತ್ರೆ ನೀವಾಗಿ ನಿಲ್ಲಿಸಬಾರದು, ಹಠಾತ್ತನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ಯಾವ ಮಾತ್ರೆ ನುಂಗುತ್ತೀರಿ ಎಂದು ಹೇಳಿ, ಸಾಕು. ಇನ್ನೂ ಒಂದು ಸೂಕ್ಷ್ಮವಿದೆ. ಅಲರ್ಜಿಯ ಏಟೇ ಹೃದಯದ ರಕ್ತನಾಳವನ್ನು ಹಿಂಡಿ ಎದೆನೋವು ತರಬಹುದು ಎಂದು ಗ್ರೀಸ್ ದೇಶದ ಕೌನಿಸ್ ಎಂಬ ವೈದ್ಯರು 1991ರಲ್ಲಿ ವಿವರಿಸಿದರು. ಮಾಸ್ಟ್ ಕೋಶಗಳು ಚರ್ಮದಲ್ಲಿರುವ ಹಾಗೆ ಹೃದಯದ ನಾಳಗಳಲ್ಲೂ ಇವೆ. ಹಾಗಾಗಿ ಟೇಬಲ್ ಮೇಲೆ ಎದೆನೋವು ಬಂದು ಇ.ಸಿ.ಜಿ. ಬದಲಾದರೆ ಅಡಚಣೆಯೊಂದನ್ನೇ ಹುಡುಕದೆ ಚರ್ಮವನ್ನೂ ನೋಡಿ ಎಂದು ಕಿರಿಯ ವೈದ್ಯರಿಗೆ ಹೇಳುತ್ತಿರುತ್ತೇನೆ.

ಮನೆಗೆ ಹೋದ ಮೇಲೂ ಒಂದು ವಾರದವರೆಗೆ ಮೈಮೇಲೆ ದದ್ದು ಏಳಬಹುದು. ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಆದರೂ ಫೋನ್ ಮಾಡಿ ಹೇಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಬಾಯಿಯಲ್ಲಿ ಹುಣ್ಣು, ಜ್ವರ, ಚರ್ಮ ಸುಲಿಯುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಕಿಡ್ನಿಗೆ ಡೈಯಿಂದ ಆಗುವ ತೊಂದರೆ ಅಲರ್ಜಿಯಲ್ಲ, ಅದರ ತಡೆಗೆ ಬೇರೆ ಕ್ರಮಗಳಿವೆ. ಕ್ರಿಯಾಟಿನಿನ್ ಹೆಚ್ಚಿರುವವರು, ಶುಗರಿಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಮೊದಲೇ ಹೇಳಲಿ.

ಈಗ ನಾನು ರೋಗಿಗಳನ್ನು ಕೇಳುವ ರೀತಿಯೇ ಬೇರೆ. ಟೇಬಲ್ ಮೇಲೆ ಕೇಳುವುದಿಲ್ಲ, ಅಲ್ಲಿ ಭಯದಲ್ಲಿ ಎಲ್ಲರೂ ಇಲ್ಲ ಎನ್ನುತ್ತಾರೆ. ಹಿಂದಿನ ದಿನ ವಾರ್ಡಿನಲ್ಲಿ, ಮನೆಯವರು ಪಕ್ಕದಲ್ಲಿದ್ದಾಗ ಕೇಳುತ್ತೇನೆ. ಸೂಜಿ ಹಾಕಿ ಸ್ಕ್ಯಾನ್ ಮಾಡಿದ್ದರಾ? ಆಗ ಕೆರೆತ ಬಂತಾ? ಗಂದೆ ಎದ್ದಿತಾ? ತುಟಿ, ಕಣ್ಣು ಊದಿತಾ? ಉಸಿರು ಹಿಡಿದ ಹಾಗೆ ಆಯಿತಾ? ಯಾವ ಮಾತ್ರೆ ಮೈಗೆ ಒಗ್ಗಲಿಲ್ಲ? ಏನು ತಿಂದರೆ ನಂಜಾಗುತ್ತದೆ? ಗಂಡಸರು ಮರೆತದ್ದನ್ನು ಮನೆಯ ಹೆಂಗಸರು ನೆನಪಿಸುತ್ತಾರೆ. "ನಿಮಗೆ ಆ ಸಲ ಜಾತ್ರೆ ಮುಗಿದ ಮೇಲೆ ಆಗಿತ್ತಲ್ಲ" ಎಂದು ವರ್ಷ ಸಮೇತ ಹೇಳುತ್ತಾರೆ. ಐದು ನಿಮಿಷ ಹಿಡಿಯುತ್ತದೆ.

ಮೇಷ್ಟ್ರ ಕಥೆ ಅರ್ಧಕ್ಕೆ ನಿಂತಿತ್ತು. ಅವರನ್ನು ಮನೆಗೆ ಕಳಿಸುವ ದಿನ ಡಿಸ್ಚಾರ್ಜ್ ಸಮ್ಮರಿಯ ಜೊತೆ ಒಂದು ಸಣ್ಣ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟೆ. ತಾರೀಕು, ಡೈಯ ಹೆಸರು, ಎಷ್ಟು ಎಂ.ಎಲ್. ಹೋದ ಮೇಲೆ ಗಂದೆ ಎದ್ದಿತು, ಬಿ.ಪಿ. ಎಷ್ಟಕ್ಕೆ ಇಳಿಯಿತು, ಅಡ್ರಿನಲಿನ್ ಎಷ್ಟು ಕೊಟ್ಟೆವು, ಕೆಳಗೆ ನನ್ನ ಸಹಿ. ಆರು ವಾರದ ನಂತರ ಅವರು ಮತ್ತೆ ಆಂಜಿಯೋಗ್ರಾಮ್‌ಗೆ ಬಂದರು. ರಾತ್ರಿ 2ರ ಮಾತ್ರೆಗೆ ಅವರ ಹೆಂಡತಿ ಅಲಾರಂ ಇಟ್ಟು ಎಬ್ಬಿಸಿದ್ದರು. ವಾರ್ಡಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಆ ಅಮ್ಮ ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡಿನ ಹಿಂದೆ ಮಡಚಿಟ್ಟಿದ್ದ ಚೀಟಿ ತೆಗೆದು ನನ್ನ ಕೈಗಿತ್ತರು. "ಇದನ್ನ ನೋಡಿಕೊಂಡೇ ಮಾಡಿ ಡಾಕ್ಟ್ರೇ" ಎಂದರು. ಮಡಿಕೆಯ ಮೇಲೆ ಅರಿಶಿನದ ಕಲೆ ಇತ್ತು.

ಬೇರೆ ಸರಪಳಿಯ ಡೈ ತರಿಸಿದ್ದೆವು. ಸಿಸ್ಟರ್ ಅದೇ ಜಾಗದಲ್ಲಿ ನಿಂತು ಮೇಷ್ಟ್ರ ಕುತ್ತಿಗೆಯನ್ನೇ ನೋಡುತ್ತಿದ್ದರು. ಮೊದಲ ಸಲ ಐದು ಎಂ.ಎಲ್. ಬಿಟ್ಟು ಸ್ವಲ್ಪ ಹೊತ್ತು ಕಾದೆವು. ಏನೂ ಆಗಲಿಲ್ಲ. ಚಿತ್ರ ಮುಗಿಯಿತು, ಸ್ಟೆಂಟ್ ಹಾಕಿದ್ದೂ ಮುಗಿಯಿತು. ಸಂಜೆ ಮೇಷ್ಟ್ರು ಕಾಫಿ ಕುಡಿಯುತ್ತ ಕೂತಿದ್ದಾಗ ಆ ಚೀಟಿ ಕೇಳಿ ತೆಗೆದುಕೊಂಡು, ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ ಹೊಸ ಡೈಯ ಹೆಸರು, ತಾರೀಕು ಬರೆದು, ಇದು ಒಗ್ಗಿತು ಎಂದು ಸೇರಿಸಿ ಅಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಒಂದು ಸಲ ಓದಿ, ಮೊದಲಿನ ಮಡಿಕೆಯಲ್ಲೇ ಮಡಚಿ ಕವರಿನೊಳಗೆ ಇಟ್ಟುಕೊಂಡರು.